ಮುಕ್ತ ತಂತ್ರಾಂಶ: ಬಿಟ್ಟಿಯೂ ಅಲ್ಲ, ಭಿಕ್ಷೆಯೂ ಅಲ್ಲ

ಅಂಗಡಿಯಿಂದ ಒಂದು ಪೊಟ್ಟಣ ಸಾರಿನ ಪುಡಿ ತಂದಿರಿ ಎಂದುಕೊಳ್ಳಿ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ನಾಲ್ಕು ಷರತ್ತುಗಳಿವೆ. ಒಂದು, ಈ ಪುಡಿಯನ್ನು ನಿಮ್ಮ ಮನೆಯ ಒಂದೇ ಒಲೆಯ ಮೇಲೆ ಬಳಸತಕ್ಕದ್ದು. ಎರಡು, ಪಕ್ಕದ ಮನೆಯವರಿಗೆ ಒಂದು ಚಮಚವನ್ನೂ ಕೊಡತಕ್ಕದ್ದಲ್ಲ. ಮೂರು, ಇದರಲ್ಲಿ ಏನೇನು ಬೆರೆಸಿದೆ ಎಂದು ಪರೀಕ್ಷಿಸತಕ್ಕದ್ದಲ್ಲ. ನಾಲ್ಕು, ಖಾರ ಹೆಚ್ಚೆನಿಸಿದರೆ ನೀವಾಗಿ ಕಡಿಮೆ ಮಾಡಿಕೊಳ್ಳತಕ್ಕದ್ದಲ್ಲ. ಮುಂದೆ ನಾವೇ ಹೊಸ ಪೊಟ್ಟಣ ಹೊರತರುತ್ತೇವೆ, ಅದನ್ನು ಹಣ ಕೊಟ್ಟು ಕೊಳ್ಳತಕ್ಕದ್ದು! ಇಂಥ ಪೊಟ್ಟಣವನ್ನು ನಮ್ಮ ಯಾವ ತಾಯಿಯೂ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಆದರೆ ಕಂಪ್ಯೂಟರಿನ ವಿಷಯದಲ್ಲಿ ಇಂಥವೇ ಷರತ್ತುಗಳನ್ನು ನಾವು ಓದದೆಯೇ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿ ಒಪ್ಪಿಕೊಂಡುಬಿಡುತ್ತೇವೆ. ನಾವಷ್ಟೇ ಅಲ್ಲ, ನಮ್ಮ ಶಾಲೆಗಳು, ಕಚೇರಿಗಳು, ಸರ್ಕಾರಗಳೂ ಬಹುಕಾಲ ಒಪ್ಪಿಕೊಂಡೇ ಬಂದವು.

ಇನ್ನೊಂದು ಬಗೆಯ ಸಾರಿನ ಪುಡಿಯೂ ಉಂಟು. ಅಜ್ಜಿ ಹಳೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆಸಿಟ್ಟದ್ದು: ಕೊತ್ತಂಬರಿ ಬೀಜ ಇಷ್ಟು, ಬ್ಯಾಡಗಿ ಮೆಣಸಿನಕಾಯಿ ಇಷ್ಟು, ಜೀರಿಗೆ, ಮೆಂತ್ಯ, ಇಂಗು ಇಷ್ಟಿಷ್ಟು. ಆ ಚೀಟಿಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಖಾರ ಒಗ್ಗದವರು ಮೆಣಸಿನಕಾಯಿ ಕಡಿಮೆ ಮಾಡಬಹುದು. ಸೊಸೆ ತನ್ನ ತವರಿನ ರೂಢಿಯಂತೆ ಎರಡು ಎಸಳು ಕರಿಬೇವು ಸೇರಿಸಿ ಚೀಟಿಯ ಅಂಚಿನಲ್ಲಿ ಬರೆದಿಡಬಹುದು. ಮುಕ್ತ ತಂತ್ರಾಂಶ ಎಂದರೆ ಸ್ಥೂಲವಾಗಿ ಇಷ್ಟೇ. ಅದು ಚೀಟಿಯ ಸಮೇತ ಕೈಗೆ ಸಿಗುವ ಸಾಫ್ಟ್‌ವೇರ್.

ಪುಡಿಯೇನು, ಚೀಟಿಯೇನು?

ವಿದ್ಯಾರ್ಥಿಗಳು ಇದನ್ನು ಇನ್ನೂ ಸ್ವಲ್ಪ ಬಿಡಿಸಿ ತಿಳಿದುಕೊಳ್ಳಬೇಕು. ಕಂಪ್ಯೂಟರಿನ ಮೆದುಳಿಗೆ ಅರ್ಥವಾಗುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳು. ಮನುಷ್ಯರು ಹಾಗೆ ಸೊನ್ನೆ-ಒಂದುಗಳಲ್ಲಿ ಬರೆಯುತ್ತಾ ಕೂತರೆ ಹುಚ್ಚು ಹಿಡಿದೀತು. ಆದ್ದರಿಂದ ಪ್ರೋಗ್ರಾಮರುಗಳು ಸಿ, ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ, ಓದಿದರೆ ಅರ್ಥವಾಗುವಂತೆ ಆದೇಶಗಳನ್ನು ಬರೆಯುತ್ತಾರೆ. ಇದಕ್ಕೆ ‘ಸೋರ್ಸ್ ಕೋಡ್’ ಅಥವಾ ಮೂಲ ಸಂಕೇತ ಎಂದು ಹೆಸರು. ಇದೇ ನಮ್ಮ ಚೀಟಿ. ಸಿ ಯಂಥ ಭಾಷೆಯಲ್ಲಿ ಬರೆದ ಮೂಲ ಸಂಕೇತವನ್ನು ‘ಕಂಪೈಲರ್’ ಎಂಬ ಇನ್ನೊಂದು ಸಾಫ್ಟ್‌ವೇರ್ ಸೊನ್ನೆ-ಒಂದುಗಳಿಗೆ ಪರಿವರ್ತಿಸುತ್ತದೆ. ಅದು ಕುಟ್ಟಿ ಜರಡಿ ಹಿಡಿದ ಪುಡಿ. ಪುಡಿಯನ್ನು ಮೂಸಿ, ರುಚಿ ನೋಡಿ, ಅದರಲ್ಲಿ ಏನೇನಿದೆ ಎಂದು ಊಹಿಸಬಹುದೇ ಹೊರತು ಮೂಲದ ಲೆಕ್ಕವನ್ನು ಹಾಗೆಯೇ ಹಿಂದಕ್ಕೆ ಪಡೆಯುವುದು ಬಲು ಕಷ್ಟ.

ಮುಚ್ಚಿದ ತಂತ್ರಾಂಶದಲ್ಲಿ ನಮಗೆ ಸಿಗುವುದು ಪುಡಿ ಮಾತ್ರ. ಮುಕ್ತ ತಂತ್ರಾಂಶದಲ್ಲಿ ಪುಡಿಯೂ ಉಂಟು, ಚೀಟಿಯೂ ಉಂಟು. ಜೊತೆಗೆ ನಾಲ್ಕು ಸ್ವಾತಂತ್ರ್ಯಗಳು: ಯಾವ ಉದ್ದೇಶಕ್ಕಾದರೂ ಬಳಸುವ ಸ್ವಾತಂತ್ರ್ಯ, ಒಳಗೆ ಏನಿದೆ ಎಂದು ಅಭ್ಯಾಸ ಮಾಡಿ ಬದಲಿಸಿಕೊಳ್ಳುವ ಸ್ವಾತಂತ್ರ್ಯ, ಪ್ರತಿಗಳನ್ನು ಹಂಚುವ ಸ್ವಾತಂತ್ರ್ಯ, ತಿದ್ದಿದ ಪ್ರತಿಯನ್ನೂ ಹಂಚುವ ಸ್ವಾತಂತ್ರ್ಯ.

ಇಲ್ಲೊಂದು ಗೊಂದಲ ಆಗಾಗ ಆಗುತ್ತದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ‘ಪುಕ್ಕಟೆ’ ಎಂದೂ ಅರ್ಥ, ‘ಸ್ವತಂತ್ರ’ ಎಂದೂ ಅರ್ಥ. ಕನ್ನಡಿಗರಾದ ನಮಗೆ ಆ ತೊಂದರೆ ಇರಬಾರದು. ನಮ್ಮಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಪುಕ್ಕಟೆ ಸಿಗುವ ಸಾಫ್ಟ್‌ವೇರೆಲ್ಲ ಮುಕ್ತವಲ್ಲ. ನಿಮ್ಮ ಮೊಬೈಲಿನಲ್ಲಿ ಕಾಸು ಕೊಡದೆ ಇಳಿಸಿಕೊಂಡ ಹತ್ತಾರು ಆ್ಯಪ್‌ಗಳ ಪೈಕಿ ಬಹುಪಾಲು ಬರೀ ಪೊಟ್ಟಣಗಳೇ, ಚೀಟಿ ಇಲ್ಲ. ಹಾಗೆಯೇ ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರಬಾರದೆಂಬ ನಿಯಮವೂ ಇಲ್ಲ. ಈ ವ್ಯತ್ಯಾಸ ತಿಳಿಯದೆ ‘ಖರ್ಚಿಲ್ಲದ್ದು’ ಎಂಬ ಒಂದೇ ಕಾರಣಕ್ಕೆ ಇದರ ಹಿಂದೆ ಹೋದವರು ಪೇಚಿಗೆ ಸಿಕ್ಕಿದ್ದೂ ಉಂಟು.

ಒಂದು ಪ್ರಿಂಟರ್, ಒಬ್ಬ ವಿದ್ಯಾರ್ಥಿ

ಕಂಪ್ಯೂಟರಿನ ಆರಂಭದ ದಿನಗಳಲ್ಲಿ ಚೀಟಿ ಹಂಚಿಕೊಳ್ಳುವುದೇ ವಾಡಿಕೆಯಾಗಿತ್ತು. ಯಂತ್ರಕ್ಕೆ ಲಕ್ಷಾಂತರ ಡಾಲರು ಬೆಲೆ. ಅದರೊಂದಿಗೆ ಬರುವ ಸಾಫ್ಟ್‌ವೇರಿಗೆ ಪ್ರತ್ಯೇಕ ಬೆಲೆ ಕಟ್ಟುವ ಯೋಚನೆ ಯಾರಿಗೂ ಅಷ್ಟಾಗಿ ಇರಲಿಲ್ಲ. ಎಪ್ಪತ್ತರ ದಶಕದಿಂದ ಮುಂದೆ ಸಾಫ್ಟ್‌ವೇರೇ ಒಂದು ಸರಕಾಯಿತು, ಚೀಟಿ ತಿಜೋರಿ ಸೇರಿತು.

ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕ ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಎಲ್ಲರ ಪರದೆಯ ಮೇಲೂ ಸೂಚನೆ ಬರುವಂತೆ ಅವರು ಅದರ ಪ್ರೋಗ್ರಾಮನ್ನು ತಿದ್ದಿದ್ದರು. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ತಿದ್ದೋಣವೆಂದರೆ ಮೂಲ ಸಂಕೇತ ಇಲ್ಲ! ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದು ಇದೆ ಎಂದು ತಿಳಿದು ಹೋಗಿ ಕೇಳಿದರೆ, ‘ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಬರೆದುಕೊಟ್ಟಿದ್ದೇನೆ’ ಎಂಬ ಅರ್ಥದ ಉತ್ತರ ಬಂತು. ಕೆಟ್ಟದ್ದನ್ನು ಸರಿಪಡಿಸಬಲ್ಲವನ ಕೈಯನ್ನೇ ಕಟ್ಟಿಹಾಕುವ ಈ ರೀತಿ ಸ್ಟಾಲ್‌ಮನ್‌ಗೆ ಅನ್ಯಾಯವೆನಿಸಿತು. 1983ರಲ್ಲಿ ಅವರು ‘ಗ್ನು’ ಎಂಬ ಸಂಪೂರ್ಣ ಮುಕ್ತವಾದ ವ್ಯವಸ್ಥೆಯನ್ನು ಕಟ್ಟುವುದಾಗಿ ಪ್ರಕಟಿಸಿದರು. 1989ರಲ್ಲಿ ‘ಜಿಪಿಎಲ್’ ಎಂಬ ಪರವಾನಗಿ ಬಂತು. ಅದರ ತಿರುಳು ಹೀಗೆ: ಚೀಟಿ ತೆಗೆದುಕೊಳ್ಳಿ, ತಿದ್ದಿ, ಹಂಚಿ, ಆದರೆ ಹಂಚುವಾಗ ಮುಂದಿನವನಿಗೂ ಚೀಟಿ ಕೊಡಿ.

ಕಟ್ಟಡದ ಬಹುಭಾಗ ಎದ್ದಿತ್ತು. ಆದರೆ ಯಂತ್ರದ ಬಿಡಿಭಾಗಗಳನ್ನೂ ಸಾಫ್ಟ್‌ವೇರನ್ನೂ ಬೆಸೆಯುವ ‘ಕರ್ನೆಲ್’ ಎಂಬ ತಿರುಳು ಸಿದ್ಧವಾಗಿರಲಿಲ್ಲ. ಅದನ್ನು ಒದಗಿಸಿದ್ದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್‌ನಲ್ಲಿ ಆತ, ತಾನು ಹವ್ಯಾಸಕ್ಕೆಂದು ಒಂದು ಪುಟ್ಟ ವ್ಯವಸ್ಥೆ ಬರೆಯುತ್ತಿರುವುದಾಗಿಯೂ ಅದೇನೂ ದೊಡ್ಡದಾಗುವಂಥದ್ದಲ್ಲವೆಂದೂ ಬರೆದುಕೊಂಡಿದ್ದ. ಅದಕ್ಕೆ ‘ಲಿನಕ್ಸ್’ ಎಂದು ಹೆಸರಾಯಿತು. ಮರುವರ್ಷ ಅದೂ ಜಿಪಿಎಲ್ ಪರವಾನಗಿಗೆ ಬಂತು. ನಂತರ ನಡೆದದ್ದು ಆತನ ಊಹೆಗೂ ಮೀರಿದ್ದು.

ವ್ಯಾಪಾರಿಗಳು ಏಕೆ ಬಂದರು?

ಹಂಚಿಕೊಂಡು ತಿನ್ನುವ ಈ ಪದ್ಧತಿಗೆ ಲಾಭವನ್ನೇ ಲೆಕ್ಕ ಹಾಕುವ ಕಂಪನಿಗಳು ಏಕೆ ಮನಸೋತವು? ಪೋಷಕರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದೇ. ‘ಮೇಷ್ಟ್ರೇ, ಪುಕ್ಕಟೆ ಕೊಟ್ಟರೆ ಅವರ ಹೊಟ್ಟೆಪಾಡು ಹೇಗೆ?’

ಉತ್ತರ ನಮ್ಮ ಊರಿನಲ್ಲೇ ಇದೆ. ಕೊಳವೆಬಾವಿಯ ಪಂಪು ಬಿಚ್ಚುವ ಮೆಕ್ಯಾನಿಕ್ ಪಂಪಿನ ರಹಸ್ಯ ಮಾರಿ ಬದುಕುವುದಿಲ್ಲ. ಕೆಟ್ಟಾಗ ಬಂದು ಸರಿಮಾಡುವ ಕೌಶಲಕ್ಕೆ ಕೂಲಿ ಪಡೆಯುತ್ತಾನೆ. ರೆಡ್ ಹ್ಯಾಟ್ ಎಂಬ ಅಮೆರಿಕದ ಕಂಪನಿ ಮಾಡಿದ್ದು ಇದನ್ನೇ. ಲಿನಕ್ಸನ್ನು ದೊಡ್ಡ ಸಂಸ್ಥೆಗಳಿಗೆ ಹೊಂದಿಸಿಕೊಟ್ಟು, ವರ್ಷಪೂರ್ತಿ ನಿಗಾ ನೋಡಿಕೊಳ್ಳುವುದಕ್ಕೆ ಅದು ಹಣ ಪಡೆಯಿತು. ಈ ಮೆಕ್ಯಾನಿಕ್ ಎಷ್ಟು ಬೆಳೆದನೆಂದರೆ 2019ರಲ್ಲಿ ಐಬಿಎಂ ಕಂಪನಿ ರೆಡ್ ಹ್ಯಾಟನ್ನು 3,400 ಕೋಟಿ ಡಾಲರಿಗೆ ಕೊಂಡಿತು! ಅದೇ ಐಬಿಎಂ, ಲಿನಕ್ಸ್‌ಗಾಗಿ ಮುಂದಿನ ವರ್ಷ ನೂರು ಕೋಟಿ ಡಾಲರು ವೆಚ್ಚ ಮಾಡುವುದಾಗಿ 2000ದಲ್ಲೇ ಸಾರಿತ್ತು.

ಎರಡನೆಯ ಕಾರಣ ಇನ್ನೂ ಸರಳ. ಹತ್ತು ರೈತರ ಹೊಲಕ್ಕೆ ಒಂದೇ ದಾರಿ ಬೇಕಾದಾಗ ಹತ್ತೂ ಜನ ಸೇರಿ ಒಂದು ದಾರಿ ಮಾಡಿಕೊಳ್ಳುವುದು ಜಾಣತನ. ಅವರ ಪೈಪೋಟಿ ಏನಿದ್ದರೂ ಬೆಳೆಯಲ್ಲಿ, ದಾರಿಯಲ್ಲಲ್ಲ. ಕಂಪ್ಯೂಟರಿನ ತಳಪಾಯದ ಸಾಫ್ಟ್‌ವೇರನ್ನು ಪ್ರತಿಯೊಂದು ಕಂಪನಿಯೂ ಮೊದಲಿನಿಂದ ಬರೆಯುವ ಬದಲು ಎಲ್ಲರೂ ಸೇರಿ ಲಿನಕ್ಸನ್ನು ಬೆಳೆಸಿದವು. ಫಲ ನಮ್ಮ ಕಣ್ಣ ಮುಂದಿದೆ. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಲಿನಕ್ಸ್ ಕರ್ನೆಲ್. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಐನೂರಕ್ಕೆ ಐನೂರೂ ಲಿನಕ್ಸಿನವೇ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದ ತೆಳು ಗಾಳಿಯಲ್ಲಿ ಮೇಲೆದ್ದ ‘ಇಂಜೆನ್ಯುಯಿಟಿ’ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲೂ ಲಿನಕ್ಸ್ ಇತ್ತು. ‘ಲಿನಕ್ಸ್ ಎಂದರೆ ಏನೋ ಗೊತ್ತಿಲ್ಲ’ ಎನ್ನುವವರ ಜೇಬಿನಲ್ಲೂ ಅದು ದಿನವಿಡೀ ದುಡಿಯುತ್ತಿರುತ್ತದೆ.

ಮೈಕ್ರೋಸಾಫ್ಟ್‌ನ ಕಥೆ ಇನ್ನೂ ಸ್ವಾರಸ್ಯ. 2001ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. 2014ರಲ್ಲಿ ಅವರ ಸ್ಥಾನಕ್ಕೆ ಬಂದ ಸತ್ಯ ನಾದೆಲ್ಲ, ಕಂಪನಿಗೆ ಲಿನಕ್ಸ್ ಎಂದರೆ ಪ್ರೀತಿ ಎಂದರು. 2018ರಲ್ಲಿ, ಮುಕ್ತ ತಂತ್ರಾಂಶ ಬರೆಯುವವರ ದೊಡ್ಡ ಸಂತೆಯಾದ ‘ಗಿಟ್‌ಹಬ್’ ಅನ್ನು 750 ಕೋಟಿ ಡಾಲರಿಗೆ ಅದೇ ಕಂಪನಿ ಕೊಂಡಿತು.

ಮ್ಯೂನಿಕ್ ನಗರದ ಹೋಗಿ-ಬಂದ ಕಥೆ

ಕಂಪನಿಗಳಿಗೆ ಲಾಭ ಕಂಡರೆ ಸಾಕು. ಸರ್ಕಾರದ ಮಾತು ಹಾಗಲ್ಲ. ಸರ್ಕಾರದ ಕಡತದಲ್ಲಿರುವುದು ಜನರ ಹುಟ್ಟು-ಸಾವು, ಜಮೀನು, ತೆರಿಗೆ, ಅಂಕಪಟ್ಟಿ. ಮೂವತ್ತು ವರ್ಷಗಳ ನಂತರವೂ ಅವನ್ನು ತೆರೆದು ಓದಲು ಸಾಧ್ಯವಾಗಬೇಕು. ಆ ಬೀಗದ ಕೈ ಹೊರಗಿನ ಒಂದೇ ಕಂಪನಿಯ ಸೊಂಟದಲ್ಲಿರುವುದು ಸರಿಯೇ? ಜರ್ಮನಿಯ ಮ್ಯೂನಿಕ್ ನಗರಾಡಳಿತ ಈ ಪ್ರಶ್ನೆ ಕೇಳಿಕೊಂಡಿತು. ಅವರ ಕಂಪ್ಯೂಟರುಗಳಲ್ಲಿದ್ದ ವಿಂಡೋಸ್ ಎನ್‌ಟಿ ಆವೃತ್ತಿಗೆ ಕಂಪನಿಯ ಬೆಂಬಲ ಮುಗಿಯುತ್ತ ಬಂದಿತ್ತು. ಕೆಲಸ ಮಾಡುತ್ತಿರುವ ಯಂತ್ರವನ್ನು, ಮಾರಿದವನು ‘ಇನ್ನು ನೋಡಿಕೊಳ್ಳುವುದಿಲ್ಲ’ ಎಂದನೆಂಬ ಕಾರಣಕ್ಕೆ ಬದಲಿಸಬೇಕಾದ ಸ್ಥಿತಿ! 2003ರಲ್ಲಿ ನಗರಸಭೆ ಲಿನಕ್ಸಿಗೆ ಹೋಗುವ ನಿರ್ಧಾರಕ್ಕೆ ಬಂತು. ಅದನ್ನು ತಡೆಯಲು ಬಾಮರ್ ತಮ್ಮ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಾಣಲು ಬಂದರು. ಬೆಲೆಯಲ್ಲಿ ಭಾರಿ ರಿಯಾಯಿತಿಯನ್ನೂ ಕೊಡಲು ಕಂಪನಿ ಮುಂದಾಯಿತು. ಆದರೂ ನಗರಸಭೆ ಒಪ್ಪಲಿಲ್ಲ. ಗಮನಿಸಿ, ಬೆಲೆ ಇಳಿದರೂ ಅವರು ಲಿನಕ್ಸನ್ನೇ ಆರಿಸಿದರು. ಅವರಿಗೆ ಬೇಕಾಗಿದ್ದುದು ಅಗ್ಗದ ಪುಡಿಯಲ್ಲ, ಚೀಟಿ.

‘ಲಿಮಕ್ಸ್’ ಎಂದು ಹೆಸರಾದ ಈ ಯೋಜನೆ ಸುಲಭದ್ದಾಗಿರಲಿಲ್ಲ. 2013ರ ವೇಳೆಗೆ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಪತ್ರ, ನಮೂನೆ, ಅರ್ಜಿಗಳನ್ನು ಹೊಸ ವ್ಯವಸ್ಥೆಯಲ್ಲಿ ತಯಾರಿಸಲು ನಗರಾಡಳಿತದವರೇ ‘ವೋಲ್‌ಮಕ್ಸ್’ ಎಂಬ ಉಪಕರಣ ಬರೆದು ಜಗತ್ತಿಗೆ ಹಂಚಿದರು. ಆದರೆ ಹೊರಗಿನ ಕಚೇರಿಗಳಿಂದ ಬರುವ ಬೇರೆ ನಮೂನೆಯ ಕಡತಗಳು ಸರಿಯಾಗಿ ತೆರೆಯುತ್ತಿರಲಿಲ್ಲ. ನೌಕರರು ಗೊಣಗಿದರು. ತಪ್ಪು ತಂತ್ರಾಂಶದ್ದೋ, ಕಂಪ್ಯೂಟರ್ ವಿಭಾಗದ ಆಡಳಿತದ್ದೋ ಎಂಬ ಬಗ್ಗೆ ಅಲ್ಲಿನವರಲ್ಲೇ ಭಿನ್ನಾಭಿಪ್ರಾಯವಿತ್ತು. 2014ರಲ್ಲಿ ಮೇಯರ್ ಬದಲಾದರು. 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ‘ನೋಡಿ, ಮುಕ್ತ ತಂತ್ರಾಂಶದ ಹಣೆಬರಹ ಇಷ್ಟೇ’ ಎಂದು ಹಲವರು ಷರಾ ಬರೆದರು. ಅಷ್ಟರಲ್ಲಿ 2020ರಲ್ಲಿ ಅಧಿಕಾರಕ್ಕೆ ಬಂದ ಹೊಸ ಮೈತ್ರಿಕೂಟ, ಸಾಧ್ಯವಿರುವೆಡೆಯೆಲ್ಲ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದು ಒಪ್ಪಂದ ಮಾಡಿಕೊಂಡಿತು! ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳಲ್ಲಿ ಮುಕ್ತವಾದ ‘ಲಿಬ್ರೆ ಆಫೀಸ್’ ಬಳಸುವ ತೀರ್ಮಾನವನ್ನು 2024ರಲ್ಲಿ ಪ್ರಕಟಿಸಿತು. ಸದ್ದಿಲ್ಲದೆ ಗೆದ್ದವರೂ ಇದ್ದಾರೆ. ಫ್ರಾನ್ಸಿನ ಪೊಲೀಸ್ ಪಡೆಯಾದ ‘ಜಾಂದಾರ್ಮರಿ’ 2005ರಲ್ಲಿ ಮೊದಲು ಪತ್ರ ಬರೆಯುವ ತಂತ್ರಾಂಶ, ಆಮೇಲೆ ಇಂಟರ್‌ನೆಟ್ ನೋಡುವ ತಂತ್ರಾಂಶ, ಕಡೆಗೆ ಇಡೀ ಆಪರೇಟಿಂಗ್ ಸಿಸ್ಟಂ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಹತ್ತಾರು ಸಾವಿರ ಕಂಪ್ಯೂಟರುಗಳನ್ನು ಬದಲಿಸಿತು.

ಮ್ಯೂನಿಕ್‌ನಿಂದ ಕಲಿಯಬೇಕಾದ ಪಾಠ ಒಂದೇ. ಚೀಟಿ ಕೈಗೆ ಬಂದರೆ ಸಾಲದು. ಅಡುಗೆ ಮಾಡುವವರು ಅದನ್ನು ತಮ್ಮದೆಂದು ಒಪ್ಪಬೇಕು. ಉಣ್ಣುವವರ ನಾಲಿಗೆಗೂ ಒಗ್ಗಬೇಕು.

ನೆರೆಮನೆಯ ಕೇರಳ

ಈ ಪಾಠವನ್ನು ಚೆನ್ನಾಗಿ ಅರಿತವರು ನಮ್ಮ ನೆರೆಯವರೇ. ಕೇರಳ ಸರ್ಕಾರ ‘ಐಟಿ ಅಟ್ ಸ್ಕೂಲ್’ ಯೋಜನೆಯನ್ನು ಈ ಶತಮಾನದ ಆರಂಭದಲ್ಲಿ ಶುರುಮಾಡಿದಾಗ ಅದೂ ಮುಚ್ಚಿದ ತಂತ್ರಾಂಶದಿಂದಲೇ ಹೊರಟಿತ್ತು. ಆಗ ಶಿಕ್ಷಕರೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಒಂದು ಪ್ರಶ್ನೆ ಎತ್ತಿದರು: ಸರ್ಕಾರಿ ಶಾಲೆ ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕೋ, ಒಂದು ಕಂಪನಿಯ ಸರಕನ್ನು ಬಳಸುವುದು ಕಲಿಸಬೇಕೋ? ಮುಂದಿನ ಕೆಲವು ವರ್ಷಗಳಲ್ಲಿ ಶಾಲೆಗಳು ಹಂತ ಹಂತವಾಗಿ ಗ್ನು-ಲಿನಕ್ಸಿಗೆ ಬಂದವು. 2007ರ ರಾಜ್ಯ ಐಟಿ ನೀತಿಯೂ ಮುಕ್ತ ತಂತ್ರಾಂಶಕ್ಕೆ ಒತ್ತು ಕೊಟ್ಟಿತು.

ಅಲ್ಲಿ ಗೆಲುವಿನ ಗುಟ್ಟು ಏನು? ನನ್ನ ವೃತ್ತಿಯವನಾಗಿ ನನಗೆ ಕಾಣುವುದು ಒಂದೇ: ಅವರು ಮೊದಲು ಹಣ ಹಾಕಿದ್ದು ಶಿಕ್ಷಕರ ಮೇಲೆ. ತರಬೇತಿ ಕೊಡುವವರೂ ಶಿಕ್ಷಕರೇ, ಪಡೆಯುವವರೂ ಶಿಕ್ಷಕರೇ. ಶಾಲೆಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಒಟ್ಟುಗೂಡಿಸಿ ತಮ್ಮದೇ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿದರು. ಪಠ್ಯಪುಸ್ತಕವನ್ನೂ ಅದಕ್ಕೆ ತಕ್ಕಂತೆ ಬರೆದರು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಯನ್ನೂ ಇಟ್ಟರು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ಶಾಲಾ ಕೂಟಗಳು ಆರಂಭವಾದವು. ಲಕ್ಷಕ್ಕೂ ಮೀರಿ ಮಕ್ಕಳು ಸೇರಿದರು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯಪುಸ್ತಕ ಇಟ್ಟುಕೊಂಡು ಇದೇ ಲಿನಕ್ಸಿನಲ್ಲಿ ಕಲಿಯುತ್ತಾರೆ ಎಂಬುದು ಗಡಿಯ ಈಚೆಗಿರುವ ನಾವು ತಿಳಿಯಬೇಕಾದ ಸಂಗತಿ.

2019ರಲ್ಲಿ ಹೊಸ ಆವೃತ್ತಿ ಹೊರತಂದಾಗ, ಇದರಿಂದ 3,000 ಕೋಟಿ ರೂಪಾಯಿ ಉಳಿತಾಯ ಎಂದು ಕೈಟ್ ಹೇಳಿತು. ಈ ಅಂಕಿಯನ್ನು ವಿದ್ಯಾರ್ಥಿಗಳು ಸುಮ್ಮನೆ ನಂಬದೆ ಲೆಕ್ಕ ಮಾಡಿ ನೋಡಬೇಕು. ಕಂಪ್ಯೂಟರುಗಳು ಸುಮಾರು 2 ಲಕ್ಷ. ಒಂದೊಂದಕ್ಕೂ ಅಷ್ಟೇ ಕೆಲಸದ ಮುಚ್ಚಿದ ತಂತ್ರಾಂಶಗಳನ್ನು ಕೊಂಡರೆ ಸುಮಾರು ಒಂದೂವರೆ ಲಕ್ಷ ರೂಪಾಯಿ. ಗುಣಿಸಿ, ಮೂರು ಸಾವಿರ ಕೋಟಿ ಬರುತ್ತದೆ. ಗುಣಾಕಾರ ಸರಿ. ಆದರೆ ಇದು ‘ಎಲ್ಲವನ್ನೂ ಕೊಂಡಿದ್ದರೆ’ ಎಂಬ ಲೆಕ್ಕ ಎಂಬುದನ್ನು ಮರೆಯಬಾರದು. ಹಣವಿಲ್ಲದ ಶಾಲೆ ಅಷ್ಟೆಲ್ಲ ಕೊಳ್ಳುತ್ತಲೇ ಇರಲಿಲ್ಲ. ಆದ್ದರಿಂದ ನಿಜವಾದ ಲಾಭವನ್ನು ರೂಪಾಯಿಯಲ್ಲಿ ಅಳೆಯುವುದಕ್ಕಿಂತ ಹೀಗೆ ಹೇಳುವುದು ಮೇಲು: ಇಲ್ಲದಿದ್ದರೆ ಆ ಮಕ್ಕಳ ಕಣ್ಣಿಗೇ ಬೀಳದಿದ್ದ ಸಲಕರಣೆಗಳು ಅವರ ಕೈಗೆ ಬಂದವು.

ವಿಜ್ಞಾನದ ಮೇಷ್ಟರಿಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ‘ಸ್ಟೆಲೇರಿಯಂ’ ಎಂಬ ಮುಕ್ತ ತಂತ್ರಾಂಶದಲ್ಲಿ ನಿಮ್ಮ ಊರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ ಅಂದಿನ ರಾತ್ರಿಯ ಆಕಾಶ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಮೋಡ ಕವಿದ ಆಷಾಢದಲ್ಲೂ ವೃಶ್ಚಿಕ ರಾಶಿಯನ್ನು ತೋರಿಸಬಹುದು. ‘ಕ್ಯಾಲ್ಜಿಯಂ’ ಎಂಬುದು ಮೂಲವಸ್ತುಗಳ ಆವರ್ತ ಕೋಷ್ಟಕ. ತಾಪಮಾನ ಏರಿಸುತ್ತ ಹೋದರೆ ಯಾವ ಧಾತು ಯಾವಾಗ ಕರಗುತ್ತದೆ, ಯಾವಾಗ ಆವಿಯಾಗುತ್ತದೆ ಎಂದು ತೋರಿಸುತ್ತದೆ. ಇವನ್ನು ಮಗುವಿಗೆ ತೋರಿಸಿ ‘ಮನೆಗೂ ಒಯ್ಯಿ’ ಎಂದು ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಅದು ಕಳ್ಳ ನಕಲಲ್ಲ. ಶಾಲೆಯಲ್ಲಿ ನಕಲಿ ಸಾಫ್ಟ್‌ವೇರ್ ಬಳಸುತ್ತ, ಪಕ್ಕದ ಕೊಠಡಿಯಲ್ಲಿ ‘ಪರೀಕ್ಷೆಯಲ್ಲಿ ನಕಲು ಮಾಡಬಾರದು’ ಎಂದು ಬುದ್ಧಿ ಹೇಳುವ ಮುಜುಗರದಿಂದಲೂ ಮೇಷ್ಟರಿಗೆ ಬಿಡುಗಡೆ!

ನಮ್ಮ ರಾಜ್ಯ, ನಮ್ಮ ಭಾಷೆ

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ನೀತಿಯನ್ನು ಹೊರಡಿಸಿತು. ಸರ್ಕಾರಿ ಇ-ಆಡಳಿತ ಯೋಜನೆಗಳಲ್ಲಿ ಮುಕ್ತ ತಂತ್ರಾಂಶವನ್ನು ಆದ್ಯತೆಯಿಂದ ಪರಿಗಣಿಸಬೇಕು, ಬಿಟ್ಟರೆ ಏಕೆ ಬಿಟ್ಟೆವೆಂದು ಸರಬರಾಜುದಾರರು ಕಾರಣ ಕೊಡಬೇಕು ಎಂಬುದು ಅದರ ಸಾರ. ಅದಕ್ಕೂ ಮೊದಲೇ, 2007ರಲ್ಲಿ, ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ ಭಾರತೀಯ ಭಾಷೆಗಳಿಗೆ ಹೊಂದುವ ‘ಬಾಸ್’ ಎಂಬ ಲಿನಕ್ಸನ್ನು ಹೊರತಂದಿತ್ತು. ನಿಮ್ಮ ಮಗುವಿನ ಪಠ್ಯಪುಸ್ತಕದ ಪಾಠದ ಬಳಿ ಚೌಕಾಕಾರದ ಕ್ಯೂಆರ್ ಸಂಕೇತ ನೋಡಿದ್ದೀರಲ್ಲ? ಅದನ್ನು ಫೋನಿನಿಂದ ಓದಿಸಿದರೆ ತೆರೆಯುವ ‘ದೀಕ್ಷಾ’ ವ್ಯವಸ್ಥೆ ನಿಂತಿರುವುದು ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಯೋಜನೆ, ಪ್ರಜೆಗಳಿಗೆ ಗುರುತು ಸಂಖ್ಯೆ ಕೊಡಲು ಬೇಕಾದ ತಂತ್ರಾಂಶವನ್ನು ಮುಕ್ತವಾಗಿ ರೂಪಿಸಿತು. ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯ ದೇಶಗಳು ಅದನ್ನು ತೆಗೆದುಕೊಂಡವು. ಇಲ್ಲಿ ಬರೆದ ಚೀಟಿಯಿಂದ ಆಫ್ರಿಕದಲ್ಲಿ ಅಡುಗೆ! ಶಾಲೆಗಳ ಮಟ್ಟದಲ್ಲಿ ನಮ್ಮ ಡಿಎಸ್‌ಇಆರ್‌ಟಿಯು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ, ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಗಳನ್ನು ನಡೆಸಿತು. ಪ್ರೌಢಶಾಲಾ ಶಿಕ್ಷಕರು ಅಲ್ಲಿ ಮುಕ್ತ ತಂತ್ರಾಂಶ ಬಳಸಿ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದರು.

ಇನ್ನು ಕನ್ನಡ ಲಿಪಿಯ ಮಾತು. ಕಂಪ್ಯೂಟರಿಗೆ ಅಕ್ಷರವೂ ಒಂದು ಸಂಖ್ಯೆಯೇ. ತೊಂಬತ್ತರ ದಶಕದಲ್ಲಿ ಕನ್ನಡದ ಬೇರೆ ಬೇರೆ ತಂತ್ರಾಂಶಗಳು ‘ಕ’ ಅಕ್ಷರಕ್ಕೆ ತಮಗೆ ತೋಚಿದ ಸಂಖ್ಯೆ ಕೊಟ್ಟುಕೊಂಡಿದ್ದವು. ಒಂದು ಕಚೇರಿಯಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರ ಇನ್ನೊಂದು ಕಚೇರಿಯಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ! ‘ಯೂನಿಕೋಡ್’ ಎಂಬ ಜಾಗತಿಕ ಶಿಷ್ಟತೆಯಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗವಿತ್ತು. ಅದರಲ್ಲಿ ‘ಕ’ ಎಂದರೆ 3221, ಎಲ್ಲಿ ತೆರೆದರೂ ಅಷ್ಟೇ. ಆದರೆ ನಾವು ಅತ್ತ ತಿರುಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಹಳೆಯ ಸಂಕೇತಗಳಲ್ಲಿ ರಾಶಿ ರಾಶಿ ಕಡತ ಸೇರಿತ್ತು. ಪರಿವರ್ತಿಸದ ಹೊರತು ಅವನ್ನು ಹುಡುಕಲೂ ಆಗದು. ಮುಕ್ತ ತಂತ್ರಾಂಶದಷ್ಟೇ ಮುಕ್ತ ಶಿಷ್ಟತೆಯೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಮುಕ್ತ ತಂತ್ರಾಂಶದಿಂದ ಭಾಷೆಗೆ ಆಗುವ ಇನ್ನೊಂದು ಉಪಕಾರವೂ ಉಂಟು. ಮಾರುಕಟ್ಟೆ ಚಿಕ್ಕದಾದರೆ ಕಂಪನಿ ಆ ಭಾಷೆಯತ್ತ ತಿರುಗಿ ನೋಡದಿರಬಹುದು. ಚೀಟಿ ಕೈಯಲ್ಲಿದ್ದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮುಂತಾದವುಗಳ ಆದೇಶಗಳನ್ನು ಕನ್ನಡಕ್ಕೆ ತಂದವರು ಹೆಚ್ಚಾಗಿ ಸ್ವಯಂಸೇವಕರೇ.

ಕಣ್ಣು ಮುಚ್ಚಿ ನಂಬಬಹುದೇ?

ಹಾಗಾದರೆ ಮುಕ್ತ ತಂತ್ರಾಂಶದಲ್ಲಿ ಕುಂದೇ ಇಲ್ಲವೇ? ಇದೆ. ಚೀಟಿ ಎಲ್ಲರ ಮುಂದಿದೆ ಎಂದ ಮಾತ್ರಕ್ಕೆ ಯಾರೋ ಓದಿದ್ದಾರೆ ಎಂದಲ್ಲ. ಊರ ಕೆರೆ ಎಲ್ಲರದು ಎನ್ನುತ್ತಲೇ ಹೂಳೆತ್ತುವವರು ಯಾರೂ ಇಲ್ಲದಂತಾಗುವುದಿಲ್ಲವೇ? 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂತು. ಇಂಟರ್‌ನೆಟ್ಟಿನಲ್ಲಿ ಪಾಸ್‌ವರ್ಡುಗಳನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ ಆ ದೋಷ ಸುಮಾರು ಎರಡು ವರ್ಷ ಅಡಗಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಅದನ್ನು ಬಳಸುತ್ತಿದ್ದವು. ಆದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು ಎರಡು ಸಾವಿರ ಡಾಲರು! ಆ ಪೆಟ್ಟಿನ ನಂತರವೇ ಕಂಪನಿಗಳು ಒಟ್ಟಾಗಿ ಇಂಥ ಕೆಲಸಗಳಿಗೆ ಹಣ ಕೂಡಿಸಲು ಮುಂದಾದದ್ದು.

2024ರ ಮಾರ್ಚ್‌ನಲ್ಲಿ ಇನ್ನೂ ರೋಚಕವಾದ ಘಟನೆ ನಡೆಯಿತು. ‘ಎಕ್ಸ್‌ಜಡ್’ ಎಂಬ ಪುಟ್ಟ ಮುಕ್ತ ತಂತ್ರಾಂಶದಲ್ಲಿ ಯಾರೋ ವರ್ಷಗಟ್ಟಲೆ ಸಹಾಯಕನಂತೆ ನಟಿಸಿ, ನಂಬಿಕೆ ಗಳಿಸಿ, ಕಳ್ಳಬಾಗಿಲೊಂದನ್ನು ಕೂರಿಸಿದ್ದರು. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್‌ಗೆ ತನ್ನ ಕಂಪ್ಯೂಟರ್ ಲಾಗಿನ್ ಆಗಲು ಮೊದಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆ ಎನಿಸಿತು. ‘ಅರ್ಧ ಸೆಕೆಂಡು ತಾನೇ’ ಎಂದು ಬಿಡದೆ ಕೆದಕಿದಾಗ ಕಳ್ಳ ಸಿಕ್ಕಿದ. ಆತ ಮೈಕ್ರೋಸಾಫ್ಟ್ ಕಂಪನಿಯ ಉದ್ಯೋಗಿ ಎಂಬುದು ಈ ಕಥೆಯ ಇನ್ನೊಂದು ಸೊಗಸು! ಚೀಟಿ ಎಲ್ಲರ ಮುಂದಿದ್ದುದರಿಂದಲೇ ಕಳ್ಳ ಒಳಗೆ ಬಂದ. ಚೀಟಿ ಎಲ್ಲರ ಮುಂದಿದ್ದುದರಿಂದಲೇ ಸಿಕ್ಕಿಬಿದ್ದ. ಕಾಯುವವನು ಎಚ್ಚರವಾಗಿದ್ದಾನೆಯೇ ಎಂಬುದಷ್ಟೇ ವ್ಯತ್ಯಾಸ.

ಮನೆಯಲ್ಲಿ ಏನು ಮಾಡಬಹುದು?

ಪೋಷಕರಿಗೆ ಮೊದಲ ಮಾತು. ಮಗನಿಗೋ ಮಗಳಿಗೋ ಹೊಸ ಲ್ಯಾಪ್‌ಟಾಪ್ ಕೊಡಿಸುವಾಗ ದುಬಾರಿ ಸಾಫ್ಟ್‌ವೇರ್ ಪೊಟ್ಟಣ ಅನಿವಾರ್ಯ ಎಂದು ಅಂಗಡಿಯವರು ಹೇಳಿದರೆ ತಕ್ಷಣ ಒಪ್ಪಬೇಡಿ. ಪತ್ರ, ಲೆಕ್ಕದ ಹಾಳೆ, ಚಿತ್ರ, ಪ್ರೋಗ್ರಾಮಿಂಗ್ ಅಭ್ಯಾಸ – ಶಾಲೆ-ಕಾಲೇಜಿನ ಬಹುತೇಕ ಕೆಲಸಗಳಿಗೆ ಮುಕ್ತ ತಂತ್ರಾಂಶ ಸಾಕು. ನಕಲಿ ಪ್ರತಿ ಹಾಕಿಸಿಕೊಂಡು ಅದರ ಜೊತೆ ವೈರಸ್ಸನ್ನೂ ಮನೆಗೆ ಕರೆತರುವುದಕ್ಕಿಂತ ಇದು ಎಷ್ಟೋ ಮೇಲು. ಒಮ್ಮೆಲೇ ಎಲ್ಲವನ್ನೂ ಬದಲಿಸಬೇಕಿಲ್ಲ. ಫ್ರಾನ್ಸಿನ ಪೊಲೀಸರಂತೆ ಒಂದೊಂದೇ ಮೆಟ್ಟಿಲು ಹತ್ತಬಹುದು. ಮೊದಲು ಲಿಬ್ರೆ ಆಫೀಸ್, ಆಮೇಲೆ ಫೈರ್‌ಫಾಕ್ಸ್, ಒಗ್ಗಿದರೆ ಲಿನಕ್ಸ್. ಕಾಲೇಜಿನವರೋ ಕಚೇರಿಯವರೋ ನಿರ್ದಿಷ್ಟ ತಂತ್ರಾಂಶವನ್ನೇ ಕೇಳಿದರೆ ಅದನ್ನೂ ಕಲಿಯಲಿ, ತಪ್ಪೇನಿಲ್ಲ. ಸೈಕಲ್ ಹೊಡೆಯುವುದನ್ನು ಕಲಿತವನಿಗೆ ಯಾವ ಕಂಪನಿಯ ಸೈಕಲ್ ಆದರೇನು?

ವಿದ್ಯಾರ್ಥಿಗಳಿಗೆ ಎರಡನೆಯ ಮಾತು. ವಿಜ್ಞಾನ ಬೆಳೆದದ್ದು ಗುಟ್ಟಿನಿಂದಲ್ಲ. ನ್ಯೂಟನ್ನನ ನಿಯಮವನ್ನು ಬಳಸಲು ನಾವು ಯಾರಿಗೂ ಪರವಾನಗಿ ಶುಲ್ಕ ಕಟ್ಟುವುದಿಲ್ಲ. ಅದನ್ನು ಪರೀಕ್ಷಿಸಬಹುದು, ಐನ್‌ಸ್ಟೈನ್‌ರಂತೆ ತಿದ್ದಲೂಬಹುದು. ಪ್ರಯೋಗವನ್ನು ಹೇಗೆ ಮಾಡಿದೆವ���ಂದು ಬರೆದು ಪ್ರಕಟಿಸುವುದು, ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡುವುದು, ತಪ್ಪಿದ್ದರೆ ಹೇಳುವುದು – ಮುಕ್ತ ತಂತ್ರಾಂಶ ಈ ಹಳೆಯ ಪದ್ಧತಿಯನ್ನೇ ಕಂಪ್ಯೂಟರಿಗೆ ತಂದಿದೆ. ನಿಮಗೆ ಪ್ರೋಗ್ರಾಮಿಂಗ್ ಬಂದರೆ ಜಗತ್ತಿನ ನುರಿತವರು ಬರೆದದ್ದನ್ನು ತೆರೆದು ಓದಿ. ಬಾರದಿದ್ದರೂ ಅಡ್ಡಿಯಿಲ್ಲ. ಒಳ್ಳೆಯ ಕನ್ನಡ ಬಲ್ಲವರು ಒಂದು ತಂತ್ರಾಂಶದ ಹತ್ತು ಆದೇಶಗಳನ್ನು ಕನ್ನಡಕ್ಕೆ ತರಬಹುದು. ದೋಷ ಕಂಡರೆ ‘ಇಲ್ಲಿ ಹೀಗಾಗುತ್ತಿದೆ’ ಎಂದು ಸ್ಪಷ್ಟವಾಗಿ ವರದಿ ಮಾಡಬಹುದು. ಅರ್ಧ ಸೆಕೆಂಡಿನ ತಡವನ್ನು ಗಮನಿಸಿದ ಫ್ರೂಂಡ್‌ನ ಕಣ್ಣು ಯಾವ ಶಾಲೆಯ ಹುಡುಗ-ಹುಡುಗಿಗೂ ಇರಬಹುದು.

ಸರ್ಕಾರ ಯಾವ ತಂತ್ರಾಂಶ ಕೊಂಡಿತು, ಏಕೆ ಕೊಂಡಿತು, ನಾಳೆ ಆ ಕಂಪನಿ ಇಲ್ಲವಾದರೆ ನಮ್ಮ ದಾಖಲೆಗಳ ಗತಿಯೇನು ಎಂದು ಕೇಳುವುದು ಮುಂದೆ ಮತದಾರರಾಗುವ ನಿಮ್ಮ ಹಕ್ಕು. ಆದರೆ ಕೇಳುವವರಿಗೆ ವಿಷಯ ಗೊತ್ತಿರಬೇಕು. ಮ್ಯೂನಿಕ್ ಮತ್ತು ಕೇರಳದ ನಡುವಿನ ಅಂತರ ಯಂತ್ರದ್ದಲ್ಲ, ಹಣದ್ದೂ ಅಲ್ಲ. ಬಳಸುವವರನ್ನು ಮೊದಲು ಸಿದ್ಧಗೊಳಿಸಿದ್ದರ ಅಂತರ. ಚೀಟಿಯನ್ನು ಜಗತ್ತು ನಮ್ಮ ಕೈಗೆ ಕೊಟ್ಟಾಗಿದೆ. ಒಲೆ ಹಚ್ಚಿ ಅಡುಗೆ ಮಾಡುವುದನ್ನು ಕಲಿಯಬೇಕಾದವರು ನಾವೇ.